ನಕ್ಷತ್ರಗಳ ನಡುವೆ ಒಂದು ಗುಜರಿ ಅಂಗಡಿ

ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಒಂದು ಹೊಸ ಪ್ರಶ್ನೆ ಹುಟ್ಟಿಕೊಂಡಿತು. ಮದುವೆ ಮನೆ, ತಿಥಿ ಮನೆ, ಕಟಿಂಗ್ ಅಂಗಡಿ, ಎಲ್ಲಿ ಹೋದರೂ ಅದೇ: "ಸೈಡಿಗೆ ಏನ್ ಮಾಡ್ತಿದೀಯಪ್ಪಾ?" ಕೆಲಸ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಬೂದಿಗೆರೆಯಿಂದ ದೇವನಹಳ್ಳಿಯವರೆಗೆ ಕಂಡವರ ಜೇಬಿನಲ್ಲೆಲ್ಲಾ ಒಂದು ವಿಸಿಟಿಂಗ್ ಕಾರ್ಡು ಇತ್ತು. ನಮ್ಮ ಮನೆಗೆ ಹಾಲು ತರುತ್ತಿದ್ದವನು ಪಾತ್ರೆಗೆ ಹಾಲು ಸುರಿಯುತ್ತಲೇ "ಪೂರ್ವ ದಿಕ್ಕಿನ ಸೈಟೊಂದೈತೆ, ನೋಡ್ತೀರಾ" ಎನ್ನುತ್ತಿದ್ದ. ನನಗೆ ಮಾತ್ರ ಸೈಡಿಗೆ ಏನೂ ಇರಲಿಲ್ಲ. ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನಕ್ಕೆ ಮನೆಗೆ ಬಂದು, ಉಂಡು, ಒಂದು ನಿದ್ದೆ ತೆಗೆದರೆ ನನ್ನ ದಿನ ಮುಗಿಯುತ್ತಿತ್ತು.

ಆ ನಿದ್ದೆಯನ್ನು ಕೆಡಿಸಿದವನು ಶೆಡ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಾಟದ ಗೆಳೆಯ. "ಗುರು, ಒಂದು ಆಟ ಇದೆ, ಬಾಹ್ಯಾಕಾಶದಲ್ಲಿ. ಒಂದ್ಸಲ ನೋಡು" ಎಂದು ನನ್ನ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟ. ಆಮೇಲೆ ಅವನು ಬೇರೆ ಕೆಲಸ ಹಿಡಿದು ಹೊರಟುಹೋದ. ಆಟ ಉಳಿಯಿತು. ಅದರಲ್ಲಿ ಪ್ರತಿಯೊಬ್ಬನಿಗೂ ಒಂದು ಹಡಗು. ದೇಶ ದೇಶದ ಜನ ತಮ್ಮ ತಮ್ಮ ಮನೆಯಲ್ಲಿ ಕೂತುಕೊಂಡು ಒಂದೇ ಆಕಾಶದಲ್ಲಿ ಓಡಾಡುತ್ತಿರುತ್ತಾರೆ. ವ್ಯಾಪಾರ ಮಾಡುತ್ತಾರೆ, ಬಡಿದಾಡುತ್ತಾರೆ, ಒಬ್ಬರನ್ನೊಬ್ಬರು ದೋಚುತ್ತಾರೆ. ಆಡಬೇಕೆಂದರೆ ತಿಂಗಳಿಗಿಷ್ಟು ಎಂದು ಶುಲ್ಕ ಕಟ್ಟಬೇಕು.

ನಾನು ಮೊದಲು ಯೋಧನಾಗಲು ಹೊರಟೆ. ಹಡಗಿಗೆ 'ಸಿಡಿಲು' ಎಂದು ಹೆಸರಿಟ್ಟೆ. ದುಡ್ಡಿದ್ದಷ್ಟೂ ಫಿರಂಗಿ ಕೊಂಡು ಕಟ್ಟಿಕೊಂಡೆ. ಮೊದಲ ಯುದ್ಧದಲ್ಲಿ, ಎದುರಾಳಿ ಯಾವ ಕಡೆ ಇದ್ದಾನೆಂದು ನಾನು ಪರದೆಯಲ್ಲಿ ಹುಡುಕುತ್ತಿರುವಾಗಲೇ ಸಿಡಿಲು ಸಿಡಿದುಹೋಯಿತು. ಎರಡನೆಯದರಲ್ಲಿ ಎದುರಾಳಿಯನ್ನು ನೋಡುವ ಭಾಗ್ಯ ಸಿಕ್ಕಿತು, ಅಷ್ಟೆ. ಹೀಗೆ ಹಡಗು ಕಳೆದುಕೊಂಡು, ಪ್ರಾಣ ಉಳಿಸುವ ಪುಟ್ಟ ಡಬ್ಬಿಯೊಳಗೆ ತೇಲುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗೆದ್ದವರು ಬೆಲೆಬಾಳುವ ಒಂದೆರಡು ವಸ್ತು ಎತ್ತಿಕೊಂಡು ಹೋಗಿಬಿಡುತ್ತಾರೆ. ಮುರಿದ ಫಿರಂಗಿ, ಹಳೆಯ ಎಂಜಿನ್ನು, ಉಳಿದ ಮದ್ದು ಎಲ್ಲ ಹಾಗೇ ಅಲ್ಲೇ ಬಿದ್ದಿರುತ್ತವೆ. ಅವನ್ನು ಬಳಿದು ತಂದು ಆಟದ ಬಾಹ್ಯಾಕಾಶ ನಿಲ್ದಾಣದ ಕುಲುಮೆಗೆ ಹಾಕಿದರೆ ಕರಗಿ ಲೋಹವಾಗುತ್ತವೆ. ಲೋಹ ಸಂತೆಯಲ್ಲಿ ಚೆನ್ನಾಗಿ ಹೋಗುತ್ತದೆ, ಯಾಕೆಂದರೆ ಹೊಸ ಹಡಗು ಕಟ್ಟುವವರಿಗೆಲ್ಲ ಅದು ಬೇಕು.

ಅವತ್ತೇ ನಾನು ಯುದ್ಧ ಬಿಟ್ಟೆ. ದೊಡ್ಡ ಹೊಟ್ಟೆಯ, ಆಮೆ ನಡಿಗೆಯ ಒಂದು ಸಾಮಾನು ಹಡಗು ಕೊಂಡೆ. ಎಲ್ಲಾದರೂ ಹೊಡೆದಾಟವಾಗುತ್ತಿದ್ದರೆ ದೂರದಲ್ಲಿ, ಯಾರಿಗೂ ಸಂಬಂಧವಿಲ್ಲದವನಂತೆ ನಿಂತಿರುತ್ತಿದ್ದೆ. ಎಲ್ಲರೂ ಹೋದ ಮೇಲೆ ಮೆಲ್ಲಗೆ ಹೋಗಿ ಗೋರುತ್ತಿದ್ದೆ. ಆಟದೊಳಗಿನ ನನ್ನ ಖಾತೆ ಉಬ್ಬುತ್ತಾ ಹೋಯಿತು. ಸಾವಿರ ಲಕ್ಷವಾಯಿತು, ಲಕ್ಷ ಕೋಟಿಯಾಯಿತು. ಶೆಡ್ಡಿನಲ್ಲಿ ಪೆಟ್ಟಿಗೆಗಳ ಲೆಕ್ಕ ಬರೆಯುವಾಗಲೂ ನನ್ನ ಮುಖದ ಮೇಲೆ ಒಂದು ಸಣ್ಣ ನಗು ಇರುತ್ತಿತ್ತಂತೆ. ಮೇಲಧಿಕಾರಿ ಅದನ್ನು ಬೇರೆ ಅರ್ಥ ಮಾಡಿಕೊಂಡು ಒಮ್ಮೆ ಮೆಮೊ ಕೊಡುವುದರಲ್ಲಿದ್ದರು.

ಹೆಂಡತಿಗೆ ಹೇಳದಿದ್ದರೆ ಕೋಟ್ಯಧಿಪತಿಯಾಗಿ ಏನು ಸುಖ? ಒಂದು ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

"ಎಷ್ಟಿದೆ ನಿಮ್ಮ ಹತ್ರ?" ಎಂದಳು.

"ಕೋಟಿಗಟ್ಟಲೆ."

"ಅದ್ರಲ್ಲಿ ಒಂದು ಗ್ಯಾಸ್ ಸಿಲಿಂಡರ್ ಬರತ್ತಾ?"

"ಹಾಗಲ್ಲ. ಆ ದುಡ್ಡನ್ನ ಅಲ್ಲೇ ಖರ್ಚು ಮಾಡ್ಬೇಕು."

"ಯಾತಕ್ಕೆ?"

"ಅದನ್ನ ಕೊಟ್ರೆ ಮುಂದಿನ ತಿಂಗಳ ಶುಲ್ಕ ಮಾಫಿ. ನಾನೀಗ ಪುಕ್ಕಟೆ ಆಡ್ತಿದೀನಿ, ಗೊತ್ತಾ?"

ಅವಳು ಒಂದು ಹುಳುಕು ಕಾಯನ್ನು ಪಕ್ಕಕ್ಕೆಸೆದಳು. "ಅಂದ್ರೆ ದಿನಾ ಸಂಜೆ ಕೂಲಿ ಮಾಡೋದು. ಆ ಕೂಲಿ ದುಡ್ಡಲ್ಲಿ, ಮತ್ತೆ ಕೂಲಿ ಮಾಡೋಕೆ ಟಿಕೆಟ್ ತಗೊಳ್ಳೋದು. ಇದೇ ತಾನೇ?"

ನಾನು ಎದ್ದುಹೋದೆ. ಅರ್ಥಶಾಸ್ತ್ರ ತಿಳಿಯದವರ ಜೊತೆ ಏನು ಮಾತು ಎಂದುಕೊಂಡೆ. ಅವಳು ಬಿ.ಕಾಂ. ಮಾಡಿ, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಳು ಎಂಬುದನ್ನು ಆ ಹೊತ್ತಿಗೆ ಮರೆತಿದ್ದೆ.

ಅದಾದ ಕೆಲವು ದಿನಕ್ಕೆ ಹೊಸಕೋಟೆಯಲ್ಲಿ ಅವಳ ಕಡೆಯವರದೊಂದು ನಾಮಕರಣ. ಊಟದ ಪಂಕ್ತಿಯಲ್ಲಿ ಅವಳ ದೊಡ್ಡಪ್ಪನ ಮಗ ಎದುರು ಕೂತಿದ್ದ. ಎರಡು ಬಡಾವಣೆ ಮಾಡಿಸಿದ್ದ ಮನುಷ್ಯ, ಕೈಬೆರಳಲ್ಲಿ ಉಂಗುರಗಳ ಜಾತ್ರೆ. ಹೋಳಿಗೆ ಮುರಿಯುತ್ತಾ ಕೇಳಿಯೇ ಬಿಟ್ಟ: "ಭಾವಾ, ಸೈಡಿಗೆ ಏನ್ ಮಡಗಿದೀರಿ?"

"ಮೆಟಲ್ ಟ್ರೇಡಿಂಗ್" ಎಂದೆ. ಬಾಯಿಂದ ಅದು ಅಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಓಹೋ. ಸ್ಕ್ರಾಪಾ?"

"ಸ್ಕ್ರಾಪ್ ತಗೊಂಡು ಕರಗಿಸಿ ಕೊಡೋದು. ಹೊರಗಿನ ಪಾರ್ಟಿಗಳೇ ಜಾಸ್ತಿ." ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೆಂಡತಿ ಹೆಂಗಸರ ಪಂಕ್ತಿಯಿಂದ ನನ್ನನ್ನು ನೋಡಿದ ನೋಟಕ್ಕೆ ನಾನು ಎಲೆಯತ್ತ ಬಗ್ಗಿ ಹೋಳಿಗೆ ಮುರಿಯತೊಡಗಿದೆ. ಅದಕ್ಕಿಂತ ದೊಡ್ಡ ಆಪತ್ತು ನನ್ನ ಪಕ್ಕದಲ್ಲೇ ಕೂತು ಸಾರನ್ನ ಕಲಸುತ್ತಿತ್ತು. ನನ್ನ ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಊರು ಜಡಿಗೇನಹಳ್ಳಿ. ಜೀವಮಾನವೆಲ್ಲ ಬಸ್ಸು ಓಡಿಸಿಯೂ ಒಂದು ನಾಯಿಗೆ ಕೂಡ ಗಾಡಿ ತಾಗಿಸಿದವರಲ್ಲ. ನಿವೃತ್ತಿಯಾದ ಮೇಲೆ ಏನು ಮಾಡುವುದೆಂದು ತಿಳಿಯದೆ ಹಳೆಯ ಮನೆ ಕೆಡವಿಸಿ ಹೊಸದು ಕಟ್ಟಿಸಲು ಕೈ ಹಾಕಿದ್ದರು. ಅತ್ತೆ ಚಿಕ್ಕ ಮಗಳ ಬಾಣಂತನಕ್ಕೆಂದು ಚಿಂತಾಮಣಿಗೆ ಹೋದರು. ಮಾವ, ತಾರಸಿಯ ಮೋಲ್ಡ್ ಒಣಗುವ ತನಕ ಎಂದು ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದರು.

ಬಂದ ಮೊದಲ ಭಾನುವಾರವೇ ಕೇಳಿದರು. "ಅಳಿಯಂದ್ರೇ, ಗೋಡೌನು ಎಲ್ಲೈತೆ? ಒಂದ್ಸಲ ನೋಡ್ಕೊಂಡ್ ಬರಾನ."

ನಾನು ಕೆಮ್ಮಿದೆ. ದೂರ ಎಂದೆ. ಬಿಸಿಲು ಎಂದೆ. ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು: "ದೂರ ಏನಿಲ್ಲ ಅಪ್ಪ, ಒಳಗಡೆ ರೂಮಲ್ಲೇ ಇದೆ. ತೋರಿಸ್ರೀ."

ಬೇರೆ ದಾರಿಯಿರಲಿಲ್ಲ. ಕಂಪ್ಯೂಟರ್ ಹಾಕಿದೆ. ಕಪ್ಪು ಆಕಾಶ, ಚುಕ್ಕಿಗಳು, ನಡುವೆ ನನ್ನ ಡೊಳ್ಳು ಹೊಟ್ಟೆಯ ಹಡಗು. ಹಡಗಿನೊಳಗೆ ಏನಿದೆ, ಕುಲುಮೆ ಹೇಗೆ ಕೆಲಸ ಮಾಡುತ್ತದೆ, ಸಂತೆಯಲ್ಲಿ ದರ ಹೇಗೆ ಏರುತ್ತದೆ ಇಳಿಯುತ್ತದೆ, ಎಲ್ಲವನ್ನೂ ಪರೀಕ್ಷೆಗೆ ನಿಂತ ಹುಡುಗನ ಹಾಗೆ ಒಪ್ಪಿಸಿದೆ. ಮಾವ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ.

"ಈ ಗಾಡಿ ಓಡ್ಸೋದು ಯಾರು?" ಎಂದರು.

"ನಾನೇ ಮಾವ."

"ನೀವಾ?" ನನ್ನ ಸ್ಕೂಟರಿನ ಹಿಂದೆ ಒಮ್ಮೆ ಹೊಸಕೋಟೆಯವರೆಗೆ ಕೂತು ಬಂದವರು, ಆಮೇಲೆ ಎಷ್ಟು ಕರೆದರೂ ಬಸ್ಸಿಗೇ ಹೋಗುತ್ತಿದ್ದರು.

"ಓಡಿಸೋದು ಅಂದ್ರೆ, ಎಲ್ಲಿಗೆ ಅಂತ ಹೇಳಿದ್ರೆ ಸಾಕು. ತಾನೇ ಹೋಗುತ್ತೆ."

"ತಾನೇ ಓಗೋ ಗಾಡೀಲಿ ಡ್ರೈವರ್ ಯಾಕ್ ಕೂತವ್ನೆ? ಏಳಿ ಮ್ಯಾಕೆ."

ನಾನು ಎದ್ದೆ. ಮಾವ ಕುರ್ಚಿಯನ್ನು ಎರಡು ಸಲ ಹಿಂದೆ ಮುಂದೆ ಎಳೆದು ಸರಿಮಾಡಿಕೊಂಡು ಕೂತರು. ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೌಸ್ ಹಿಡಿಯುವುದನ್ನು ಕಲಿಯಲು ಅವರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಅದಾದ ಮೇಲೆ ಆ ಕುರ್ಚಿ ನನಗೆ ಸಿಗಲಿಲ್ಲ.

ನಾನು ಶೆಡ್ಡಿನಿಂದ ಬರುವಷ್ಟರಲ್ಲಿ ಮಾವ ತಲೆ ಬಾಚಿ, ತುಂಬುತೋಳಿನ ಅಂಗಿ ತೊಟ್ಟು, ಡ್ಯೂಟಿಗೆ ಸಿದ್ಧರಾಗಿ ಕೂತಿರುತ್ತಿದ್ದರು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾಯುವ ದ್ವಾರಗಳಿಗೆ ಅವರು 'ಸ್ಟೇಜು' ಎನ್ನುತ್ತಿದ್ದರು. "ಇನ್ನೆಷ್ಟು ಸ್ಟೇಜೈತೆ?" ಎಂದು ಕೇಳಿ, ಹೇಳಿದರೆ ಮಾತ್ರ ಗಾಡಿ ಬಿಡುತ್ತಿದ್ದರು. ಬೇರೆ ಹಡಗು ಎದುರಾದರೆ ಅದು ಹೋಗಲಿ ಎಂದು ನಿಲ್ಲುತ್ತಿದ್ದರು. ಹಾರ್ನ್ ಎಲ್ಲಿ ಎಂದು ಕೇಳಿದರು. ಅಲ್ಲಿ ಗಾಳಿಯಿಲ್ಲ, ಶಬ್ದ ಕೇಳಿಸುವುದಿಲ್ಲ ಎಂದೆ. "ಹಾರ್ನ್ ಇಲ್ದೆ ಇರೋ ಗಾಡಿಗೆ ಆರ್‌ಟಿಓದವ್ರು ಎಫ್‌ಸಿ ಎಂಗೆ ಕೊಟ್ರು?" ಎಂದು ಬಹಳ ಹೊತ್ತು ಗೊಣಗಿದರು.

ಒಪ್ಪಿಕೊಳ್ಳಬೇಕು, ಡ್ರೈವರ್ ಸಿಕ್ಕಿದ ಮೇಲೆ ನಾನು ಕೆಟ್ಟೆ. ಅಲ್ಲಿಯವರೆಗೆ ಗುಜರಿ ಆಯುವವನಾಗಿದ್ದೆ, ಈಗ ಮಾಲೀಕನಾದೆ. ಮಾವ ಹಡಗು ಓಡಿಸುತ್ತಿದ್ದರೆ ನಾನು ಹಿಂದೆ ಮಂಚದ ಮೇಲೆ ಒರಗಿ ಕಡಲೆಕಾಯಿ ತಿನ್ನುತ್ತಾ "ಬಲಕ್ಕೆ ತಗೊಳ್ಳಿ ಮಾವ, ಅಲ್ಲೊಂದು ಮುರುಕು ಕಾಣ್ತಿದೆ" ಎನ್ನುತ್ತಿದ್ದೆ. ವ್ಯಾಪಾರ ಇಮ್ಮಡಿಯಾಯಿತು. ಮನೆಯಲ್ಲಿ ನಾವಿಬ್ಬರೂ ಲೋಹದ ದರ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹೆಂಡತಿ ಊಟ ಬಡಿಸಿ ತನ್ನ ಪಾಡಿಗೆ ಟಿ.ವಿ. ನೋಡುತ್ತಿದ್ದಳು.

ಒಂದು ಶನಿವಾರ ನೋಡುತ್ತೇನೆ, ದೂರದ ಒಂದು ಸಂತೆಯಲ್ಲಿ ಲೋಹದ ಬೆಲೆ ನಮ್ಮ ಕಡೆಗಿಂತ ಮೇಲಿದೆ. ನನಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟು ದಿನ ಕರಗಿಸಿ ಕೂಡಿಟ್ಟದ್ದನ್ನೆಲ್ಲ ಒಂದೇ ಹಡಗಿಗೆ ತುಂಬಿಸಿದೆ. ಇನ್ನೂ ಜಾಗ ಉಳಿಯಿತೆಂದು ಖಾತೆಯಲ್ಲಿದ್ದ ದುಡ್ಡಿಗೂ ಲೋಹ ಕೊಂಡು ತುರುಕಿದೆ. ವಿಮೆ ಮಾಡಿಸಬಹುದಿತ್ತು. ಅದಕ್ಕೆ ಒಂದಿಷ್ಟು ಖರ್ಚಾಗುತ್ತದೆಂದು ಬಿಟ್ಟೆ.

ದಾರಿ ಎರಡಿತ್ತು. ಒಂದು ಸುತ್ತು ದಾರಿ, ಉದ್ದಕ್ಕೂ ಕಾವಲು. ಇನ್ನೊಂದು ಒಳದಾರಿ, ಅರ್ಧಕ್ಕರ್ಧ ಕಡಿಮೆ, ಆದರೆ ನಡುವೆ ಎರಡು ಸ್ಟೇಜು ಹೇಳುವವರು ಕೇಳುವವರು ಇಲ್ಲದ ಜಾಗ. ಮಾವನಿಗೆ ವಿವರಿಸಿದೆ.

"ಸುತ್ತಾಕ್ಕೊಂಡು ಓಗಿ ಯಾಕ್ ಡೀಸೆಲ್ ಸುಡ್ಬೇಕು? ಒಳಗಿಂದಾನೇ ಓಡ್ಸೋಣ" ಎಂದರು.

ಅಲ್ಲಿ ಡೀಸೆಲ್ ಲೆಕ್ಕವಿಲ್ಲ. ಹಾಗೆಂದು ಹೇಳಬಹುದಿತ್ತು. ಆದರೆ ನನಗೂ ಬೇಗ ತಲುಪಿ ಬೇಗ ಮಾರುವ ಆಸೆ. "ಸರಿ ಮಾವ, ನೀವಿದ್ದೀರಲ್ಲ" ಎಂದೆ.

ಮೊದಲ ಸ್ಟೇಜು ಏನೂ ಆಗಲಿಲ್ಲ. ಎರಡನೆಯದರಲ್ಲಿ ದ್ವಾರ ದಾಟಿ ಹೊರಬರುತ್ತಿದ್ದಂತೆ ಪರದೆಯ ಮೇಲೆ ಕೆಂಪು ಗುರುತುಗಳು ಒಂದೊಂದಾಗಿ ಮೂಡಿದವು. ನಾಲ್ಕೈದು ಹಡಗು ಸಾಲಾಗಿ ಕಾದು ನಿಂತಿದ್ದವು.

"ಯಾರಿವ್ರು? ಚೆಕಿಂಗಾ?" ಎಂದರು ಮಾವ.

"ಕಳ್ಳರು ಮಾವ! ಹಿಂದಕ್ಕೆ, ಹಿಂದಕ್ಕೆ!"

"ರಿವರ್ಸ್ ಎಲ್ಲೈತೆ?"

"ರಿವರ್ಸ್ ಇಲ್ಲ! ತಿರುಗಿಸಿ!"

"ಬ್ರೇಕ್ ಎಲ್ಲಿ? ಬ್ರೇಕ್!" ಎನ್ನುತ್ತಾ ಮಾವ ಬಲಗಾಲನ್ನು ಎತ್ತಿ, ತಮ್ಮ ಸರ್ವಿಸಿನ ಪೂರಾ ಬಲವನ್ನು ಹಾಕಿ ನೆಲಕ್ಕೆ ತುಳಿದರು. ಮೇಜಿನ ಕೆಳಗೆ, ಅವರ ಪಾದ ಬಿದ್ದ ಜಾಗದಲ್ಲೇ ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬೋರ್ಡು ಇತ್ತು. ಅದರ ಸ್ವಿಚ್ಚು ಚಟ್ ಎಂದಿತು. ಆಕಾಶ, ಕಳ್ಳರು, ಹಡಗು ಎಲ್ಲವೂ ಒಟ್ಟಿಗೆ ಆರಿ ಪರದೆ ಕಪ್ಪಾಯಿತು.

"ನಿಂತ್ಕೊಂತು" ಎಂದರು ಮಾವ, ಬೆವರೊರೆಸಿಕೊಳ್ಳುತ್ತಾ.

ನಾನು ಮೇಜಿನ ಕೆಳಗೆ ನುಗ್ಗಿ ಸ್ವಿಚ್ಚು ಹಾಕಿದೆ. ಹೊರಗೆ ಬರುವಾಗ ತಲೆ ಮೇಜಿಗೆ ಬಡಿಯಿತು. ಕಂಪ್ಯೂಟರ್ ನಿಧಾನಕ್ಕೆ ಕಣ್ಣು ಬಿಟ್ಟು, ಆಕಳಿಸಿ, ಆಟದೊಳಗೆ ಹೋಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡೊಳ್ಳು ಹೊಟ್ಟೆಯ ಹಡಗಿರಲಿಲ್ಲ. ನಾನು ಪುಟ್ಟ ಡಬ್ಬಿಯಲ್ಲಿ ತೇಲುತ್ತಿದ್ದೆ.

ಮಾವ ಕನ್ನಡಕ ಒರೆಸಿ ಪರದೆಗೆ ಬಾಗಿದರು. "ಡ್ರೈವರ್ ಗತಿ?" ಎಂದರು.

"ಡ್ರೈವರಿಗೆ ಏನಾಗಿಲ್ಲ ಮಾವ. ಈ ಡಬ್ಬೀಲಿ ಬಚಾವಾಗಿದಾನೆ."

"ಕಂಡಕ್ಟರು?"

ನನ್ನ ಹಡಗಿನಲ್ಲಿ ಇನ್ನೊಬ್ಬರು ಇರಬಹುದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. "ಕಂಡಕ್ಟರ್ ಇರಲಿಲ್ಲ ಮಾವ. ಅದು ಬರೀ ಗೂಡ್ಸ್ ಗಾಡಿ" ಎಂದೆ. ಅವರು ದೊಡ್ಡ ಉಸಿರು ಬಿಟ್ಟರು.

ಬಿದ್ದ ಸಾಮಾನನ್ನಾದರೂ ತರೋಣ ಎಂದು ಅವರೇ ಹೇಳಿದರು. ಕಳ್ಳರು ಹೊರಟುಹೋಗಿದ್ದರು. ನಿಲ್ದಾಣದಲ್ಲಿ ಮೊದಲಿನಿಂದ ಬಿದ್ದಿದ್ದ ನನ್ನದೊಂದು ಸಣ್ಣ ವೇಗದ ಹಡಗು ಹಿಡಿದು ವಾಪಸ್ಸು ಹೋದೆವು. ಮುರುಕು ಅಲ್ಲೇ ಇತ್ತು. ಅದರ ಪಕ್ಕದಲ್ಲಿ, ನನ್ನದರಂತೆಯೇ ಡೊಳ್ಳು ಹೊಟ್ಟೆಯ ಇನ್ನೊಂದು ಹಡಗು ನಿಂತು, ಕಳ್ಳರು ಬಿಟ್ಟುಹೋದದ್ದನ್ನು ನಿಧಾನವಾಗಿ ಗೋರುತ್ತಿತ್ತು. ಕೊನೆಯ ಚೂರನ್ನೂ ಎತ್ತಿಕೊಂಡು ಹೊರಟೇ ಹೋಯಿತು.

"ಹಲ್ಕಾ ನನ್ಮಗ! ಕಷ್ಟಪಟ್ಟು ದುಡಿದಿದ್ದನ್ನ ಬಳ್ಕೊಂಡು ಹೋಗ್ತಾನಲ್ಲ, ಮಾನ ಮರ್ಯಾದೆ ಇಲ್ವಾ?" ಎಂದು ನಾನು ಕಿರುಚಿದೆ.

ಕಾಫಿ ತಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ನೀವೂ ಅದನ್ನೇ ತಾನೇ ಮಾಡ್ತಿದ್ದಿದ್ದು?" ಎಂದು ಲೋಟಗಳನ್ನಿಟ್ಟು ಹೋದಳು.

ಆ ರಾತ್ರಿ ಮಾವ ಮುದ್ದೆ ಮುರಿಯಲಿಲ್ಲ, ಮಜ್ಜಿಗೆ ಕುಡಿದು ಮಲಗಿದರು. ಮರುದಿನ ತುಂಬುತೋಳಿನ ಅಂಗಿ ತೊಡಲಿಲ್ಲ, ಕುರ್ಚಿಯ ಕಡೆ ಹೋಗಲೂ ಇಲ್ಲ. ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು, "ಅಪ್ಪನಿಗೆ ಏನಾದ್ರೂ ಅಂದ್ರಾ?"

"ನಾನೇನೂ ಅಂದಿಲ್ಲ. ಆಟ ಕಣೇ ಅದು. ಆಟಕ್ಕೆಲ್ಲಾ ಯಾರಾದ್ರೂ ಊಟ ಬಿಡ್ತಾರಾ?" ಎಂದೆ. ಹಿಂದಿನ ದಿನದಿಂದ ನನ್ನ ಹೊಟ್ಟೆಗೂ ಏನೂ ಸರಿಯಾಗಿ ಇಳಿದಿರಲಿಲ್ಲ. ಗ್ಯಾಸ್ಟ್ರಿಕ್ ಎಂದು ಅವಳಿಗೆ ಹೇಳಿದ್ದೆ.

ಹೋಗಿ ಮಾವನ ಪಕ್ಕ ಕೂತೆ. ಒಳದಾರಿ ಹಿಡಿಯಲು ಒಪ್ಪಿದವನು ನಾನು, ಎಲ್ಲವನ್ನೂ ಒಂದೇ ಗಾಡಿಗೆ ತುಂಬಿದವನು ನಾನು, ವಿಮೆ ಮಾಡಿಸದವನೂ ನಾನೇ ಎಂದೆ. ಅವರು ತಲೆಯಾಡಿಸಿದರು.

"ಅದಲ್ಲ ಅಳಿಯಂದ್ರೇ. ಸರ್ವಿಸ್ ಪೂರ್ತಿ ಒಂದ್ ಗೀಟು ಬಿದ್ದಿರ್ಲಿಲ್ಲ ಗಾಡಿಗೆ. ಈವಾಗ ಬ್ರೇಕ್ ಇಲ್ದಿರೋ ಗಾಡೀಲಿ ಓಗಿ ಕೂತ್ಕೊಂಡು..." ಮೊಣಕಾಲು ನೀವಿಕೊಳ್ಳುತ್ತಾ, "ಮನೇಲಿ ಸುಮ್ಕೆ ಕೂತು ಕೂತು ಕಾಲೆಲ್ಲಾ ಜೋಮು ಹಿಡ್ದಂಗಾಗಿತ್ತು. ಇದ್ರಲ್ಲಿ ಒಸಿ ಬಿಟ್ಟಿತ್ತು" ಎಂದರು.

ಅಷ್ಟು ದಿನ ನಾನು ಅವರ ಹಿಂದೆ ಮಂಚದ ಮೇಲೆ ಒರಗಿದ್ದೆನಲ್ಲ, ಕಡಲೆಕಾಯಿ ಸಿಪ್ಪೆ ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲ. "ಕಾಫಿ ಕುಡೀತೀರಾ ಮಾವ?" ಎಂದೆ. ಕುಡಿದರು.

ತಿಂಗಳು ಮುಗಿಯಿತು. ಶುಲ್ಕ ಕಟ್ಟಲು ಆಟದ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಕೈಯಿಂದ ಕಟ್ಟೋಣವೆಂದು ಬ್ಯಾಂಕಿನ ಕಾರ್ಡು ಹುಡುಕಿದೆ. ಅದು ಹೆಂಡತಿಯ ಬ್ಯಾಗಿನಲ್ಲಿತ್ತು. ಅವಳು ಕೊಡಲಿಲ್ಲವೆಂದರೆ ಸುಳ್ಳಾಗುತ್ತದೆ, ಬ್ಯಾಗನ್ನು ನನ್ನ ಕೈಗೇ ಕೊಟ್ಟು "ತಗೊಳ್ಳಿ" ಎಂದಳು. ಬ್ಯಾಗಿನ ಜಿಪ್ಪು ತೆಗೆಯುವ ಧೈರ್ಯ ನನಗೆ ಬರಲಿಲ್ಲ. ನಾಮಕರಣದಲ್ಲಿ ಸಿಕ್ಕಿದ್ದ ಅವಳ ದೊಡ್ಡಪ್ಪನ ಮಗ ಮುಂದೊಮ್ಮೆ ಸಿಕ್ಕಾಗ ಮೆಟಲ್ ಹೇಗಿದೆ ಎಂದು ಕೇಳಿದ. ಮಾರ್ಕೆಟ್ ಬಿದ್ದೋಯ್ತು ಎಂದೆ. "ಎಲ್ರದ್ದೂ ಅದೇ ಕತೆ ಭಾವಾ" ಎಂದು ತನ್ನ ಬಡಾವಣೆಯ ಕಷ್ಟವನ್ನು ಒಂದು ಗಂಟೆ ಹೇಳಿಕೊಂಡ.

ಮಾವ ಮನೆ ಮುಗಿಯುವವರೆಗೂ ಕಾಯಲಿಲ್ಲ. ಜಡಿಗೇನಹಳ್ಳಿಯ ಪಕ್ಕ ಹಸಿರುಮನೆ ಹಾಕಿ ಗುಲಾಬಿ ಬೆಳೆಯುವ ಪರಿಚಯದವರೊಬ್ಬರಿದ್ದರು. ಅವರ ಹೂವಿನ ಟೆಂಪೋಗೆ ಡ್ರೈವರ್ ಬೇಕಿತ್ತು. ಮಾವ ಯಾರಿಗೂ ಹೇಳದೆ ಹೋಗಿ ಮಾತಾಡಿ ಬಂದು, ಚೀಲ ಕಟ್ಟಿಕೊಂಡು ಹೊರಟೇಬಿಟ್ಟರು. ಈ ವಯಸ್ಸಿನಲ್ಲಿ ಯಾಕಪ್ಪ ಎಂದು ಮಗಳು ಅತ್ತಳು, ಜಗಳವಾಡಿದಳು. "ಬ್ರೇಕ್ ಐತೆ, ನೋಡ್ಕೊಂಡೇ ಒಪ್ಕೊಂಡಿದೀನಿ" ಎಂದರು.

ಆ ಗುಲಾಬಿ ಪರದೇಶಕ್ಕೆ ಹೋಗುವುದು ನಮ್ಮ ಶೆಡ್ಡಿನಿಂದಲೇ. ಮೊದಲ ಸಲ ಟೆಂಪೋ ಬಂದಾಗ ಕಿಟಕಿಯ ಆಚೆ ಮಾವ ಕಾಗದ ಹಿಡಿದು, ಉಳಿದ ಡ್ರೈವರುಗಳ ಜೊತೆ ಸಾಲಿನಲ್ಲಿ ನಿಂತಿದ್ದರು. ನಾನು ದಡಬಡ ಎದ್ದು, "ಬನ್ನಿ ಮಾವ, ಒಳಗೆ ಬನ್ನಿ, ನಿಮಗ್ಯಾಕೆ ಸಾಲು" ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮಾವ ಕದಲಲಿಲ್ಲ. "ಸಾರ್, ಡ್ಯೂಟಿ ಮ್ಯಾಲಿದೀನಿ" ಎಂದರು. ಅವರ ಸರದಿ ಬಂದಾಗ ಕಾಗದ ಮುಂದೆ ಚಾಚಿ, "ಹೂ ಬಾಡ್ತವೆ, ಬೇಗ ಮಾಡಿ ಸಾರ್" ಎಂದರು. ನಾನು ಸೀಲು ಹೊಡೆದುಕೊಟ್ಟೆ. ಗಡಿಬಿಡಿಯಲ್ಲಿ ತಲೆಕೆಳಗಾಗಿ ಬಿತ್ತು. ಅವರು ಅದನ್ನು ನೋಡಿ, ಇನ್ನೊಂದು ಸಲ ಸರಿಯಾಗಿ ಹೊಡೆಯಲೆಂದು ಕಾಗದವನ್ನು ತಿರುಗಿಸಿ ಮತ್ತೆ ನನ್ನ ಮುಂದಿಟ್ಟರು.